ಬಾಯ್ಲರ್ ತಪಾಸಣೆ ಮತ್ತು ದುರಸ್ತಿ: ದೀಪಾವಳಿ ರಜೆಗೆ ಮುನ್ನ ತಿಳಿದಿರಬೇಕಾದದ್ದು

ಪುಣೆಯ ಭೋಸರಿ, ಚಾಕಣ, ಕುರಕುಂಭ ಕಡೆಯ ಎಷ್ಟೋ ಕಾರ್ಖಾನೆಗಳು ದೀಪಾವಳಿಗೆ ನಾಲ್ಕೈದು ದಿನ ಬಾಗಿಲು ಹಾಕುತ್ತವೆ. ಉಳಿದವರು ಸ್ವಾರಗೇಟ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿರುವ ಹೊತ್ತಿಗೆ ಬಾಯ್ಲರ್ ಮನೆಯವರಿಗೆ ವರ್ಷದ ದೊಡ್ಡ ಕೆಲಸ ಶುರುವಾಗಿರುತ್ತದೆ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಬಾಯ್ಲರ್ ಹೆಲ್ಪರ್ ಆಗಿ ಸೇರಿ, ಪರೀಕ್ಷೆ ಬರೆದು ಅಟೆಂಡೆಂಟ್ ಆದ ನಮ್ಮ ಹುಡುಗರು ಬಹಳ ಮಂದಿ ಇದ್ದಾರೆ. ಇಂಡಿ ತಾಲ್ಲೂಕಿನಿಂದ ನಾನೂ ಹಾಗೆಯೇ ಬಂದವನು. ಈಗ ಭೋಸರಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಮರಾಠಿಯಲ್ಲಿ, ಹಿಂದಿಯಲ್ಲಿ ಸೂಚನೆ ಕೊಟ್ಟಾಗ ತಲೆಯಾಡಿಸಿ, ಆಮೇಲೆ ನನ್ನ ಬಳಿ ಬಂದು "ಕಾಕಾ, ಅವರು ಹೇಳಿದ್ದೇನು?" ಎಂದು ಕೇಳುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಾಯ್ಲರ್ ಮನೆಯಲ್ಲಿ ಅರ್ಧ ತಿಳಿದವನ ಕೈ ವಾಲ್ವ್ ಮೇಲೆ ಇರಬಾರದು.

ಮೊದಲು ನೇಮ್‌ಪ್ಲೇಟ್ ಓದಿ. ಸಣ್ಣ, ಮಧ್ಯಮ ಕಾರ್ಖಾನೆಗಳ ಎಷ್ಟೋ ಬಾಯ್ಲರ್‌ಗಳ ಮೇಲೆ 10.54 ಎಂಬ ಸಂಖ್ಯೆ ಕಾಣುತ್ತದೆ. ಚದರ ಸೆಂಟಿಮೀಟರಿಗೆ 10.54 ಕಿಲೋ ಎಂದರ್ಥ. ಹಳೆಯ ಲೆಕ್ಕದ 150 ಪೌಂಡ್. ಆ ಒತ್ತಡದಲ್ಲಿ ಒಳಗಿನ ನೀರು ಸುಮಾರು 186 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒತ್ತಡ ಮೇಲೆ ಕುಳಿತಿರುವುದರಿಂದ ಮಾತ್ರ ಅದು ನೀರಾಗಿಯೇ ಉಳಿದಿದೆ. ಶೆಲ್, ಎಂದರೆ ಹೊರಗಿನ ಉಕ್ಕಿನ ಕವಚ, ಸೀಳಿ ಒತ್ತಡ ಒಮ್ಮೆಲೇ ಇಳಿದರೆ ನೀರಿನ ಸುಮಾರು ಆರನೇ ಒಂದು ಭಾಗ ಆ ಕ್ಷಣಕ್ಕೇ ಹಬೆಯಾಗುತ್ತದೆ. ಐದು ಟನ್ ನೀರಿದ್ದರೆ 800 ಕಿಲೋ ಹಬೆ. ಒಂದು ಕಿಲೋ ಹಬೆಗೆ ಹೊರಗಿನ ಗಾಳಿಯ ಒತ್ತಡದಲ್ಲಿ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಅಷ್ಟು ಹಬೆ ಬಾಯ್ಲರ್ ಮನೆಯ ಗೋಡೆಗಳ ನಡುವೆ ಹಿಡಿಯುವುದಿಲ್ಲ. ಬೆಂಕಿ ಆರಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಅಪಾಯ ಇರುವುದು ಆ ಬಿಸಿ ನೀರಿನಲ್ಲಿ. ಬೆಂಕಿ ಆರಿದ ಮೇಲೂ ಅದು ಗಂಟೆಗಟ್ಟಲೆ ಹಾಗೆಯೇ ಕುದಿಬಿಂದುವಿನ ಮೇಲೆ ಇರುತ್ತದೆ.

ಯಾವುದಕ್ಕೆ ಯಾವ ಕಾನೂನು

1863ರಲ್ಲಿ ಕೋಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, ಮರುವರ್ಷ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ದೇಶಕ್ಕೆಲ್ಲ ಒಂದೇ ನಿಯಮ ಇರಲೆಂದು 1923ರ ಬಾಯ್ಲರ್ ಕಾಯ್ದೆ, ಅದರಡಿ 1950ರ ಭಾರತೀಯ ಬಾಯ್ಲರ್ ನಿಯಮಾವಳಿ ಬಂದವು. ನಾವೆಲ್ಲ ದಿನವೂ ಐಬಿಆರ್ ಎನ್ನುವುದು ಈ ನಿಯಮಾವಳಿಗೇ. ಹಳೆಯ ಕಾಯ್ದೆಯ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. 25 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ನೀರು ಹಿಡಿಯುವ, ಒಂದು ಕಿಲೋ ಅಥವಾ ಅದಕ್ಕೂ ಮೇಲ್ಪಟ್ಟ ಒತ್ತಡದಲ್ಲಿ ಬೇರೆ ಕಡೆಯ ಬಳಕೆಗೆ ಹಬೆ ಮಾಡುವ ಪಾತ್ರೆ ಈ ಕಾನೂನಿನಡಿ ಬರುತ್ತದೆ. ಅದಕ್ಕೆ ನೋಂದಣಿ ಬೇಕು, ಚಾಲ್ತಿಯಲ್ಲಿರುವ ಪ್ರಮಾಣಪತ್ರ ಬೇಕು, ಪ್ರಮಾಣಪತ್ರದಲ್ಲಿ ಬರೆದ ಒತ್ತಡವನ್ನು ಮೀರಬಾರದು, ಅರ್ಹತೆಯ ಪತ್ರ ಇರುವ ಅಟೆಂಡೆಂಟ್ ಇರಬೇಕು. ಮಹಾರಾಷ್ಟ್ರದಲ್ಲಿ ಇದನ್ನೆಲ್ಲ ನೋಡುವುದು ಬಾಷ್ಪಕ ಸಂಚಾಲನಾಲಯ. ಮರಾಠಿ ಕಾಗದದಲ್ಲಿ 'ಬಾಷ್ಪಕ' ಎಂದು ಕಂಡರೆ ಬಾಯ್ಲರ್ ಎಂದೇ ಓದಿಕೊಳ್ಳಿ.

ಬೆಂಕಿ ತಾಗದ ಪಾತ್ರೆಗಳ ದಾರಿ ಬೇರೆ. ಏರ್ ರಿಸೀವರ್ (ಒತ್ತಿದ ಗಾಳಿ ತುಂಬಿಡುವ ಟ್ಯಾಂಕು), ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ), ಆಟೋಕ್ಲೇವ್, ಜಾಕೆಟ್ ಇರುವ ಕಡಾಯಿ ಇವೆಲ್ಲ 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮಿನಡಿ ಬರುತ್ತಿದ್ದವು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಸಂಹಿತೆ ಬಂತು. ಒತ್ತಿ ತುಂಬಿದ ಅನಿಲದ ದೊಡ್ಡ ಟ್ಯಾಂಕುಗಳಾದರೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ನೋಡುತ್ತದೆ. ಈ ವ್ಯತ್ಯಾಸ ಕಾಗದದ ಮಟ್ಟಿಗಷ್ಟೇ ಎಂದುಕೊಳ್ಳಬೇಡಿ. 2024ರ ಮೇ 23ರಂದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಆದ ಸ್ಫೋಟವನ್ನು ಮೊದಲ ಸುದ್ದಿಗಳಲ್ಲಿ ಬಾಯ್ಲರ್ ಸ್ಫೋಟವೆಂದೇ ಹೇಳಿದರು. ಆಮೇಲೆ ಅದು ರಿಯಾಕ್ಟರ್ ಎಂದು ತಿಳಿಯಿತು. ಬೆಂಕಿ ಕಾಣದಿದ್ದರೂ ಒತ್ತಡ ಇರುವ ಪಾತ್ರೆ ಅಷ್ಟೇ ಕೊಲ್ಲಬಲ್ಲದು.

ತಪಾಸಣೆಗೆ ಬಾಯ್ಲರನ್ನು ಸಿದ್ಧಮಾಡುವುದು

ಇನ್‌ಸ್ಪೆಕ್ಟರ್ ಬರುವ ದಿನಕ್ಕೆ ಎರಡು ದಿನ ಮೊದಲೇ ಬೆಂಕಿ ನಿಲ್ಲಿಸುವಂತೆ ವ್ಯವಸ್ಥಾಪಕರನ್ನು ಒಪ್ಪಿಸಿ. ಇದರಲ್ಲಿ ಚೌಕಾಸಿ ಬೇಡ. ಬಾಯ್ಲರ್ ತಾನಾಗಿ ತಣ್ಣಗಾಗಬೇಕು. ಬೇಗ ಮುಗಿಯಲಿ ಎಂದು ಬಿಸಿ ನೀರು ಹೊರಬಿಟ್ಟು ತಣ್ಣೀರು ತುಂಬುವುದು, ಫ್ಯಾನ್ ಹಾಕಿ ಫರ್ನೇಸಿಗೆ ತಣ್ಣನೆಯ ಗಾಳಿ ಹೊಡೆಸುವುದು, ಬೆಂಕಿಯ ಗಾಳಿ ಹಾಯುವ ಟ್ಯೂಬುಗಳ ತುದಿ ಕೂರುವ ಟ್ಯೂಬ್ ಪ್ಲೇಟಿಗೆ ಮಾಡುವ ದ್ರೋಹ. ದಪ್ಪ ಪ್ಲೇಟು ನಿಧಾನವಾಗಿ ಕುಗ್ಗುತ್ತದೆ, ತೆಳು ಟ್ಯೂಬು ಬೇಗ ಕುಗ್ಗುತ್ತದೆ, ಎರಡೂ ಸೇರುವ ಕಡೆ ಸಡಿಲವಾಗುತ್ತದೆ. ಒತ್ತಡ ಸೊನ್ನೆಗೆ ಇಳಿಯುವಾಗ ಮೇಲಿನ ಏರ್ ವೆಂಟ್ ತೆರೆಯಿರಿ. ಇಲ್ಲವಾದರೆ ಒಳಗೆ ನಿರ್ವಾತ ಉಂಟಾಗಿ ಗ್ಯಾಸ್ಕೆಟ್‌ಗಳು ಒಳಕ್ಕೆ ಸೆಳೆಯಲ್ಪಡುತ್ತವೆ.

ಒಂದೇ ಹೆಡರಿಗೆ (ಹಬೆ ಹಂಚುವ ದೊಡ್ಡ ಪೈಪಿಗೆ) ಎರಡು ಬಾಯ್ಲರ್ ಸೇರಿದ್ದರೆ, ನೀವು ತೆರೆಯುವ ಬಾಯ್ಲರ್‌ನ ಸ್ಟೀಮ್ ಲೈನು, ನೀರು ಬರುವ ಫೀಡ್ ಲೈನು, ತಳದ ಕೆಸರು ನೀರನ್ನು ಹೊರಬಿಡುವ ಬ್ಲೋಡೌನ್ ಲೈನು ಮೂರನ್ನೂ ಕಳಚಿ, ಪೈಪಿನ ಬಾಯಿ ಮುಚ್ಚುವ ಕುರುಡು ಫ್ಲ್ಯಾಂಜ್ ಹಾಕಿ. ವಾಲ್ವ್ ಮುಚ್ಚಿದ್ದೇವೆ ಎನ್ನುವುದು ಸಾಲದು. ವಾಲ್ವ್ ಸೀಟು ಸೋರುತ್ತದೆ, ಪಾಳಿ ಬದಲಾದಾಗ ಯಾರೋ ತಿರುಗಿಸುತ್ತಾರೆ. ಬ್ಲೋಡೌನ್ ಲೈನನ್ನು ಜನ ಮರೆಯುವುದು ಹೆಚ್ಚು. ಪಕ್ಕದ ಬಾಯ್ಲರಿನವನು ಬ್ಲೋಡೌನ್ ಕೊಟ್ಟರೆ ಅದೇ ಪೈಪಿನಿಂದ ಬಿಸಿ ನೀರು ನಿಮ್ಮ ಬಾಯ್ಲರಿನೊಳಗೆ, ಅಲ್ಲಿ ಮಲಗಿ ಕೆಲಸ ಮಾಡುವವನ ಮೇಲೆ ಬರುತ್ತದೆ. ಬರ್ನರ್ ಅಥವಾ ಇಂಧನ ಕನ್ವೇಯರ್, ಫ್ಯಾನು, ಫೀಡ್ ಪಂಪ್ ಎಲ್ಲದರ ವಿದ್ಯುತ್ ತೆಗೆದು ಬೀಗ ಹಾಕಿ. ಬೀಗದ ಕೈ ಒಳಗೆ ಹೋಗುವವನ ಜೇಬಿನಲ್ಲೇ ಇರಲಿ.

ಒಳಗೆ ಹೋಗುವ ಮುನ್ನ ಗಾಳಿ ಅಳೆಯಿರಿ. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯಬಾರದು. ಒಳಗಿನ ತುಕ್ಕು ಕೂಡ ಆಮ್ಲಜನಕವನ್ನು ತಿನ್ನುತ್ತದೆ, ಅದಕ್ಕೆ ಹೊಗೆಯೇ ಬೇಕಿಲ್ಲ. ಕೈದೀಪ 24 ವೋಲ್ಟಿಗಿಂತ ಹೆಚ್ಚಿನದು ಇರಬಾರದು. ಇದು ಹಳೆಯ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದ ಮಾತು. ನಾಲ್ಕು ದಿಕ್ಕಿಗೂ ಒದ್ದೆ ಕಬ್ಬಿಣ, ಮೈಯೆಲ್ಲ ಬೆವರು, 230 ವೋಲ್ಟಿನ ಹಳೆಯ ವೈರು: ಇದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಮ್ಯಾನ್‌ಹೋಲಿನ ಹೊರಗೆ ಒಬ್ಬ ನಿಂತಿರಬೇಕು. ಚಹಾ ತರಲೂ ಅವನು ಹೋಗಬಾರದು.

ಸ್ವಚ್ಛಗೊಳಿಸುವ ಮುನ್ನ ಒಮ್ಮೆ ಒಳಗೆ ದೀಪ ಹಿಡಿದು ನೋಡಿ, ಫೋಟೊ ತೆಗೆಯಿರಿ. ಇದನ್ನು ಯಾವ ಪುಸ್ತಕವೂ ಒತ್ತಿ ಹೇಳುವುದನ್ನು ನಾನು ಕಂಡಿಲ್ಲ, ಆದರೆ ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದೇ ಹೆಚ್ಚು ಕಲಿಸುವ ಹತ್ತು ನಿಮಿಷ. ಟ್ಯೂಬುಗಳ ಮೇಲಿನ ಬಿಳಿ ಪದರ ಎಲ್ಲಿ ದಪ್ಪ, ಎಲ್ಲಿ ತೆಳು, ಕೆಸರು ಎಲ್ಲಿ ಕೂತಿದೆ, ನೀರಿನ ಮಟ್ಟದ ಗೆರೆ ಎಲ್ಲಿದೆ ಎನ್ನುವುದು ಒಂದು ವರ್ಷದ ಕಥೆ. ಬ್ರಷ್ ಹಾಕಿದ ಮೇಲೆ ಆ ಕಥೆ ಅಳಿಸಿಹೋಗುತ್ತದೆ. ಆಮೇಲೆ ನೀರಿನ ಬದಿ, ಬೆಂಕಿಯ ಬದಿ ಎರಡನ್ನೂ ಲೋಹ ಕಾಣುವವರೆಗೆ ಸ್ವಚ್ಛಮಾಡಿ, ಒಣಗಿಸಿ.

ಇನ್‌ಸ್ಪೆಕ್ಟರ್ ಜೊತೆಗೆ ನೋಡಬೇಕಾದದ್ದು

ಬಾಯ್ಲರಿನ ಹಿಂಬದಿಯ ಟ್ಯೂಬ್ ಪ್ಲೇಟಿನಲ್ಲಿ ಎರಡು ರಂಧ್ರಗಳ ನಡುವಿನ ಸಣ್ಣ ಪಟ್ಟಿಯನ್ನು ಗಮನವಿಟ್ಟು ನೋಡಿ. ಮೊದಲ ಬಿರುಕು ಅಲ್ಲಿ ಹುಟ್ಟುತ್ತದೆ, ಏಕೆಂದರೆ ಫರ್ನೇಸಿನಿಂದ ಬಂದ ಕೆಂಡದಂಥ ಗಾಳಿ ಮೊದಲು ಹೊಡೆಯುವುದು ಅದೇ ಪ್ಲೇಟಿಗೆ. ಬರಿಗಣ್ಣಿಗೆ ಕಾಣದ ಬಿರುಕಿಗೆ ಡೈ ಪೆನೆಟ್ರಂಟ್ ಹಾಕುತ್ತೇವೆ. ಜಾಗವನ್ನು ಕ್ಲೀನರಿನಿಂದ ಒರೆಸಿ, ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಡಿ. ನಂತರ ಬಟ್ಟೆಗೆ ಕ್ಲೀನರ್ ಹಚ್ಚಿ ಒರೆಸಿ. ಪ್ಲೇಟಿನ ಮೇಲೆಯೇ ನೇರವಾಗಿ ಕ್ಲೀನರ್ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ ಬಿರುಕು ಬಚಾವಾಗುತ್ತದೆ. ಮೇಲೆ ಬಿಳಿ ಡೆವಲಪರ್ ತೆಳುವಾಗಿ ಹಾಕಿ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯ ಕೆಂಪು ಗೆರೆ ನಿಧಾನವಾಗಿ ಮೂಡುತ್ತದೆ. ಮೂಡಿದ ಕೂಡಲೇ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ, ಹೊತ್ತು ಕಳೆದರೆ ಬಣ್ಣ ಹರಡಿ ಗೆರೆ ಕಲೆಯಾಗುತ್ತದೆ.

ಫರ್ನೇಸ್ ಟ್ಯೂಬು ಎಲ್ಲಾದರೂ ಒಳಕ್ಕೆ ಉಬ್ಬಿದೆಯೇ, ಸ್ಟೇಗಳು (ಪ್ಲೇಟುಗಳನ್ನು ಹಿಡಿದಿಡುವ ಸರಳುಗಳು) ಬಿಗಿಯಾಗಿವೆಯೇ, ಮ್ಯಾನ್‌ಹೋಲಿನ ಗ್ಯಾಸ್ಕೆಟ್ ಕೂರುವ ಜಾಗ ಕೊರೆದಿದೆಯೇ, ಫ್ಯೂಸಿಬಲ್ ಪ್ಲಗ್ಗಿನ (ನೀರು ಇಳಿದು ಕಾದರೆ ಕರಗುವ ಬಿರಡೆಯ) ಮೇಲೆ ಸುಣ್ಣ ಕಟ್ಟಿದೆಯೇ ಎಂದು ನೋಡಿ. ಪ್ರೆಷರ್ ಗೇಜಿನ ಕ್ಯಾಲಿಬ್ರೇಷನ್ ಪತ್ರ ತೆಗೆದಿಟ್ಟುಕೊಳ್ಳಿ. ಗೇಜಿನ ಕೆಳಗಿನ ಸೈಫನ್ ನಳಿಕೆ ಕಟ್ಟಿಕೊಂಡಿದ್ದರೆ ಎಂಥ ಪತ್ರವಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ.

ನೀರಿನ ಒತ್ತಡದ ಪರೀಕ್ಷೆ

ಹೊಸ ಬಾಯ್ಲರಿಗೆ ಹೈಡ್ರಾಲಿಕ್ ಪರೀಕ್ಷೆ ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಆಗುತ್ತದೆ. 10.54ಕ್ಕೆ 15.81. ಹಳೆಯ ಬಾಯ್ಲರಿಗೆ, ದುರಸ್ತಿಯ ನಂತರ ಎಷ್ಟು ಎನ್ನುವುದನ್ನು ಇನ್‌ಸ್ಪೆಕ್ಟರ್ ಹೇಳಿದ ಮೇಲೆಯೇ ಪಂಪಿಗೆ ಕೈ ಹಾಕಿ. ನೀರೇ ಏಕೆ, ಕಂಪ್ರೆಸರಿನ ಗಾಳಿ ಹಾಕಿದರೆ ಬೇಗ ಆಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಲೋಹ ಸೀಳಿದರೆ ಸ್ವಲ್ಪ ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ. ಗಾಳಿ ಕುಗ್ಗಿ ಕೂತಿರುತ್ತದೆ, ಸೀಳಿದರೆ ಪ್ಲೇಟನ್ನೇ ಹೊತ್ತು ಹಾರುತ್ತದೆ. ಅದೇ ಕಾರಣಕ್ಕೆ ನೀರು ತುಂಬುವಾಗ ಮೇಲಿನ ವೆಂಟಿನಿಂದ ಗುಳ್ಳೆಯಿಲ್ಲದ ನೀರು ಬರುವವರೆಗೂ ಮುಚ್ಚಬೇಡಿ.

ಸೇಫ್ಟಿ ವಾಲ್ವ್‌ಗಳನ್ನು ಬಿಚ್ಚಿ ಅಲ್ಲಿ ಕುರುಡು ಫ್ಲ್ಯಾಂಜ್ ಹಾಕುವುದು ಒಳ್ಳೆಯದು. ವಾಲ್ವ್ ಏಳದಂತೆ ಗ್ಯಾಗ್ ಎಂಬ ಹಿಡಿತ ಹಾಕಿ ಒತ್ತಿಹಿಡಿಯುವ ಪದ್ಧತಿಯೂ ಇದೆ. ಯಾವುದೇ ಆಗಲಿ, ಹಾಕಿದ ಪ್ರತಿಯೊಂದಕ್ಕೂ ಕೆಂಪು ಚೀಟಿ ಕಟ್ಟಿ, ಎಷ್ಟು ಹಾಕಿದಿರಿ ಎಂದು ರಿಜಿಸ್ಟರಿನಲ್ಲಿ ಬರೆದು, ತೆಗೆದ ಮೇಲೆ ಎಣಿಸಿ ಸಹಿ ಹಾಕಿ. ಗ್ಯಾಗ್ ತೆಗೆಯದೆ ಬೆಂಕಿ ಹಾಕಿದ ಬಾಯ್ಲರಿಗೆ ಉಳಿಯುವ ದಾರಿಯೇ ಇರುವುದಿಲ್ಲ. ಕೈಪಂಪಿನಿಂದ ಮೆಲ್ಲಗೆ ಏರಿಸಿ, ಎರಡು ಗೇಜ್ ಇಡಿ, ಮ್ಯಾನ್‌ಹೋಲಿನ ಎದುರಿಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಆಮೇಲೆ ಹಬೆಯ ಪರೀಕ್ಷೆ. ಮುಖ್ಯ ಸ್ಟೀಮ್ ವಾಲ್ವ್ ಮುಚ್ಚಿ, ಬೆಂಕಿ ಪೂರ್ತಿ ಇಟ್ಟು, ಸೇಫ್ಟಿ ವಾಲ್ವ್‌ಗಳು ಹಾರಿದಾಗ ಒತ್ತಡ ಕೆಲಸದ ಒತ್ತಡಕ್ಕಿಂತ ಶೇಕಡ 10ಕ್ಕಿಂತ ಮೇಲೆ ಹೋಗಬಾರದು. ಸದ್ದು ಕಿವಿ ಹರಿಯುವಂತಿರುತ್ತದೆ, ಕಿವಿಗೆ ಮಫ್ ಹಾಕಿಕೊಳ್ಳಿ. ವಾಲ್ವ್ ಕುಳಿತ ಮೇಲೆ ಸೀಲ್ ಬೀಳುತ್ತದೆ. ಆ ಸೀಲನ್ನು ಮುಟ್ಟುವ ಹಕ್ಕು ನಮಗೆ ಯಾರಿಗೂ ಇಲ್ಲ.

ದುರಸ್ತಿ

ಒತ್ತಡ ಹೊರುವ ಭಾಗಕ್ಕೆ ಬೆಸುಗೆ ಹಾಕುವ ಮುನ್ನ ಸಂಚಾಲನಾಲಯದ ಲಿಖಿತ ಒಪ್ಪಿಗೆ ಬೇಕು. ದುರಸ್ತಿ ಮಾಡುವ ಸಂಸ್ಥೆಗೆ ಮಾನ್ಯತೆ, ವೆಲ್ಡರಿಗೆ ಐಬಿಆರ್ ಪ್ರಮಾಣಪತ್ರ, ಟ್ಯೂಬು ಪ್ಲೇಟುಗಳಿಗೆ ತಯಾರಕರ ಪರೀಕ್ಷಾ ಪತ್ರ ಇರಬೇಕು. ಪತ್ರದ ಮೇಲಿನ ಹೀಟ್ ನಂಬರು, ಎಂದರೆ ಯಾವ ಎರಕದ ಉಕ್ಕು ಎಂಬ ಗುರುತು, ಟ್ಯೂಬಿನ ಮೇಲೂ ಕಾಣಬೇಕು. ಅಂಗಡಿಯಿಂದ ತಂದ ಪೈಪು ಅಳತೆಗೆ ಸರಿಹೋಗುತ್ತದೆ ಎಂದ ಮಾತ್ರಕ್ಕೆ ಬಾಯ್ಲರ್ ಟ್ಯೂಬ್ ಆಗುವುದಿಲ್ಲ.

ನಾನು ಮೊದಲು ಇದ್ದ ಒಂದು ಕಾರ್ಖಾನೆಯಲ್ಲಿ ಹಿಂಬದಿಯ ಟ್ಯೂಬ್ ಪ್ಲೇಟಿನ ಕೆಲವು ಟ್ಯೂಬುಗಳ ತುದಿ ಜಿನುಗುತ್ತಿದ್ದವು. ಗುತ್ತಿಗೆದಾರ ಪ್ರತಿ ಸಲ ಬಂದು ಮೇಲೊಂದು ಸುತ್ತು ಬೆಸುಗೆ ಹಾಕಿ ಹೋಗುತ್ತಿದ್ದ, ಒಂದೆರಡು ತಿಂಗಳಲ್ಲಿ ಪಕ್ಕದ ಟ್ಯೂಬು ಜಿನುಗುತ್ತಿತ್ತು. ಒದ್ದೆ ಜಾಗಕ್ಕೆ ಹಾಕಿದ ಬೆಸುಗೆಯೊಳಗೆ ರಂಧ್ರ ಉಳಿಯುತ್ತದೆ, ಹೈಡ್ರೋಜನ್ ಸೇರಿ ಬಿರುಕು ಬಿಡುತ್ತದೆ. ಅದು ಒಂದು ದೋಷ. ಆದರೆ ಮೂಲ ಕಾರಣ ಬಾಯ್ಲರಿನಲ್ಲೇ ಇರಲಿಲ್ಲ. ಮ್ಯಾನ್‌ಹೋಲ್ ತೆಗೆದು ನೋಡಿದರೆ ಪ್ಲೇಟಿನ ನೀರಿನ ಬದಿಗೆ, ಟ್ಯೂಬುಗಳ ನಡುವೆ ಸುಣ್ಣ ಗಾರೆಯಂತೆ ಕಟ್ಟಿತ್ತು. ನೀರು ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಬೋರ್‌ವೆಲ್ ನೀರು, ಸಾಫ್ಟ್‌ನರಿಗೆ (ನೀರಿನ ಗಡಸುತನ ತೆಗೆಯುವ ಯಂತ್ರಕ್ಕೆ) ಹೊತ್ತಿಗೆ ಸರಿಯಾಗಿ ಉಪ್ಪು ಹಾಕಿ ರೀಜನರೇಷನ್ ಮಾಡಿರಲಿಲ್ಲ. ಸಾಫ್ಟ್‌ನರಿನ ನೀರನ್ನು ಪರೀಕ್ಷಾ ನಳಿಕೆಗೆ ಹಿಡಿದು, ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಹನಿ ಬಿಟ್ಟರೆ ಮೆದು ನೀರು ನೀಲಿಯಾಗಬೇಕು. ಅಲ್ಲಿ ದ್ರಾಕ್ಷಾರಸದ ಕೆಂಪು ಬಂತು. ಒಂದು ನಿಮಿಷದ ಪರೀಕ್ಷೆ. ಅದನ್ನು ದಿನವೂ ಮಾಡಿದ್ದರೆ ಅಷ್ಟು ಟ್ಯೂಬು ಬದಲಿಸಬೇಕಾಗಿರಲಿಲ್ಲ.

ಆದ್ದರಿಂದ ಯಾವುದೇ ಸೋರಿಕೆ ಕಂಡರೂ ವೆಲ್ಡರನ್ನು ಕರೆಯುವ ಮೊದಲು ನೀರು ಏನು ಮಾಡಿತು, ಬೆಂಕಿ ಏನು ಮಾಡಿತು ಎಂದು ಹುಡುಕಿ. ಫೀಡ್ ನೀರು ತೀರಾ ತಣ್ಣಗೆ ಹೋಗುತ್ತಿದೆಯೇ? ಬೆಳಿಗ್ಗೆ ಬೇಗ ಹಬೆ ಬೇಕೆಂದು ಒಮ್ಮೆಲೇ ಬೆಂಕಿ ಏರಿಸುತ್ತಿದ್ದಾರೆಯೇ? ಇವುಗಳ ಉತ್ತರವನ್ನು ದುರಸ್ತಿಯ ವರದಿಯಲ್ಲಿ ಬರೆಯಿಸಿ.

ಟ್ಯೂಬು ಬದಲಿಸುವಾಗ ಹಳೆಯದರ ತುದಿಯನ್ನು ಒಳಮುಖವಾಗಿ ಮಡಚಿ ತೆಗೆಯಬೇಕು, ಚಾಣದ ಗೆರೆ ಪ್ಲೇಟಿನ ರಂಧ್ರಕ್ಕೆ ಬೀಳಬಾರದು. ರಂಧ್ರದ ಉದ್ದಕ್ಕೆ ಒಂದು ಗೀರು ಉಳಿದರೂ ಹೊಸ ಟ್ಯೂಬು ಅಲ್ಲಿಂದಲೇ ಸೋರುತ್ತದೆ. ರಂಧ್ರವನ್ನು ಹೊಳೆಯುವಂತೆ ಉಜ್ಜಿ, ಡೈ ಹಾಕಿ ನೋಡಿ, ನಂತರ ಟ್ಯೂಬು ಕೂರಿಸಿ, ಅದನ್ನು ರಂಧ್ರಕ್ಕೆ ಬಿಗಿಯಾಗುವಂತೆ ಹಿಗ್ಗಿಸುವ ಎಕ್ಸ್‌ಪಾಂಡರ್ ಹಾಕಿ. ಸೋರುತ್ತದೆ ಎಂಬ ಭಯಕ್ಕೆ ಅತಿಯಾಗಿ ಹಿಗ್ಗಿಸಿದರೆ ಟ್ಯೂಬಿನ ಗೋಡೆ ತೆಳ್ಳಗಾಗಿ, ಪಕ್ಕದ ರಂಧ್ರವೂ ಸಡಿಲವಾಗುತ್ತದೆ. 7018 ಎಂಬ ಬೆಸುಗೆ ರಾಡ್ ಬಳಸುವುದಾದರೆ ಓವನ್ನಿನಲ್ಲಿ ಬೇಯಿಸಿ, ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಒಂದೊಂದಾಗಿ ತೆಗೆಯಬೇಕು. ಪುಣೆಯ ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ಗಾಳಿಯ ತೇವವನ್ನು ಕುಡಿದುಬಿಡುತ್ತದೆ. ಬೆಸುಗೆಯ ನಂತರ ಡೈ ಪರೀಕ್ಷೆ, ಆಮೇಲೆ ಇನ್‌ಸ್ಪೆಕ್ಟರ್ ಎದುರಿಗೆ ಹೈಡ್ರಾಲಿಕ್ ಪರೀಕ್ಷೆ. ಒತ್ತಡ ಇರುವಾಗ ಬೆಸುಗೆ ಹಾಕುವುದು, ಸೋರುವ ಬೋಲ್ಟ್ ಬಿಗಿಮಾಡುವುದು ಯಾರೇ ಹೇಳಿದರೂ ಬೇಡ.

ಬೆಂಕಿ ಇಲ್ಲದ ಪಾತ್ರೆಗಳು

ಹಳೆಯ ಕಾಯ್ದೆಯಡಿ ಬಂದ ಮಹಾರಾಷ್ಟ್ರದ ಕಾರ್ಖಾನೆ ನಿಯಮಗಳು ಹೇಳಿದಂತೆ ಸಕ್ಷಮ ವ್ಯಕ್ತಿಯಿಂದ (ಸರ್ಕಾರ ಮಾನ್ಯಮಾಡಿದ ಪರೀಕ್ಷಕರಿಂದ) ಆರು ತಿಂಗಳಿಗೊಮ್ಮೆ ಹೊರಗಿನ ಪರೀಕ್ಷೆ, ವರ್ಷಕ್ಕೊಮ್ಮೆ ಒಳಗಿನ ಪರೀಕ್ಷೆ, ನಾಲ್ಕು ವರ್ಷಕ್ಕೊಮ್ಮೆ ಹೈಡ್ರಾಲಿಕ್ ಪರೀಕ್ಷೆ ಆಗಬೇಕು. ಏರ್ ರಿಸೀವರಿನ ಶತ್ರು ಅದರ ತಳದಲ್ಲಿ ನಿಲ್ಲುವ ನೀರು. ಮೇಲೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಒಳಗಿಂದ ಸವೆಯುತ್ತಿರುತ್ತದೆ. ಪ್ರತಿ ಪಾಳಿಗೂ ಡ್ರೈನ್ ತೆರೆಯಿರಿ. ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆಯುವಾಗ ತಳದ ಬಿಂದುಗಳನ್ನು ಬಿಡಬೇಡಿ. ಬಗ್ಗಬೇಕಾಗುತ್ತದೆ ಎಂದು ಎಷ್ಟೋ ಮಂದಿ ಬಿಡುತ್ತಾರೆ. ಉದಾಹರಣೆಗೆ ಆರು ವರ್ಷದ ಹಿಂದೆ 10 ಮಿಲಿಮೀಟರ್ ಇದ್ದದ್ದು ಈಗ 8.2 ಇದ್ದರೆ, ವರ್ಷಕ್ಕೆ 0.3 ಸವೆದಿದೆ. ಕನಿಷ್ಠ ಬೇಕಾದ ದಪ್ಪ 7 ಆಗಿದ್ದರೆ ಉಳಿದದ್ದು ನಾಲ್ಕು ವರ್ಷ. ಹಾಗೆಂದು ನಾಲ್ಕು ವರ್ಷ ಸುಮ್ಮನಿರುವಂತಿಲ್ಲ. ಅರ್ಧ ಆಯುಷ್ಯ ಕಳೆಯುವುದರೊಳಗೆ, ಎಂದರೆ ಎರಡು ವರ್ಷದಲ್ಲಿ, ಅದೇ ಬಿಂದುವನ್ನು ಮತ್ತೆ ಅಳೆಯಬೇಕು.

ಎರಡು ತಪಾಸಣೆಗಳ ನಡುವಿನ ದಿನಗಳು

ಇನ್‌ಸ್ಪೆಕ್ಟರ್ ವರ್ಷಕ್ಕೊಮ್ಮೆ ಬರುತ್ತಾರೆ, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಎದುರು ಇರುವವರು ನೀವು. ಪ್ರತಿ ಪಾಳಿಯ ಆರಂಭದಲ್ಲಿ ಅದನ್ನು ಪರೀಕ್ಷಿಸಿ. ಡ್ರೈನ್ ಕಾಕ್ ತೆರೆಯಿರಿ. ನೀರಿನ ಕಾಕ್ ಮುಚ್ಚಿದಾಗ ಹಬೆ ಜೋರಾಗಿ ಬರಬೇಕು. ಅದನ್ನು ತೆರೆದು ಹಬೆಯ ಕಾಕ್ ಮುಚ್ಚಿದಾಗ ನೀರು ಜೋರಾಗಿ ಬರಬೇಕು. ಕೊನೆಗೆ ಹಬೆಯ ಕಾಕ್ ತೆರೆದು ಡ್ರೈನ್ ಮುಚ್ಚಿದ ಕೂಡಲೇ ನೀರು ತನ್ನ ಮಟ್ಟಕ್ಕೆ ಚಟ್ಟನೆ ಏರಬೇಕು. ಸೋಮಾರಿಯಂತೆ ಏರಿದರೆ ದಾರಿ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಎರಡು ಗ್ಲಾಸುಗಳ ಮಟ್ಟ ಹೊಂದದಿದ್ದರೆ ಚೆನ್ನಾಗಿ ಕಾಣುವುದನ್ನು ನಂಬಿ ಪಾಳಿ ಕಳೆಯಬೇಡಿ, ಎರಡನ್ನೂ ಪರೀಕ್ಷಿಸಿ. ಲೋ ವಾಟರ್ ಟ್ರಿಪ್ ನಿಜವಾಗಿ ಬೆಂಕಿ ನಿಲ್ಲಿಸುತ್ತದೆಯೇ ಎಂದೂ ನೋಡಿ. ಅದರ ಫ್ಲೋಟ್ ಡಬ್ಬಿಯಲ್ಲಿ ಕೆಸರು ಕೂತರೆ ನೀರು ಇಳಿದರೂ ಫ್ಲೋಟ್ ಇಳಿಯುವುದಿಲ್ಲ. ಅದು ಪದೇ ಪದೇ ನಿಲ್ಲಿಸುತ್ತದೆ ಎಂದು ವೈರು ಜೋಡಿಸಿ ಬೈಪಾಸ್ ಮಾಡಿದ್ದು ಕಂಡರೆ ಅವತ್ತೇ ತೆಗೆಸಿ, ಹುದ್ದೆಯ ಮುಲಾಜು ನೋಡಬೇಡಿ.

ಗ್ಲಾಸಿನಲ್ಲಿ ನೀರು ಕಾಣದೇ ಹೋದರೆ ಫೀಡ್ ಪಂಪಿನ ಗುಂಡಿ ಒತ್ತಬೇಡಿ. ಕೈ ಮೊದಲು ಅಲ್ಲಿಗೇ ಹೋಗುತ್ತದೆ, ತಡೆಯಿರಿ. ಟ್ಯೂಬು ಕೆಂಪಗೆ ಕಾದಿದ್ದರೆ ಅದರ ಮೇಲೆ ಬೀಳುವ ನೀರು ಒಮ್ಮೆಲೇ ಹಬೆಯಾಗುತ್ತದೆ, ಲೋಹವೂ ಸೀಳುತ್ತದೆ. ಇಂಧನ ನಿಲ್ಲಿಸಿ, ಫ್ಯಾನು ನಿಲ್ಲಿಸಿ. ಸೇಫ್ಟಿ ವಾಲ್ವ್ ಎತ್ತಬೇಡಿ, ಬ್ಲೋಡೌನ್ ತೆರೆಯಬೇಡಿ. ಎಲ್ಲರನ್ನೂ ಹೊರಗೆ ಕಳುಹಿಸಿ, ತಾನಾಗಿ ತಣ್ಣಗಾಗಲು ಬಿಡಿ. ಪ್ಲೇಟು, ಟ್ಯೂಬುಗಳನ್ನು ಬಲ್ಲವರು ನೋಡದೆ ಮತ್ತೆ ಬೆಂಕಿ ಹಾಕುವಂತಿಲ್ಲ.

ಅಪಘಾತವೇ ಆದರೆ ಗಾಯಗೊಂಡವರನ್ನು ಸಾಗಿಸಿದ ನಂತರ ಉಳಿದ ಯಾವ ವಸ್ತುವನ್ನೂ ಸರಿಸದೆ ಹಾಗೆಯೇ ಬಿಡಿ. 24 ಗಂಟೆಯೊಳಗೆ ಇನ್‌ಸ್ಪೆಕ್ಟರಿಗೆ ಲಿಖಿತ ವರದಿ ಹೋಗಬೇಕು. ಬರೆಯುವುದು ಮಾಲೀಕರ ಕರ್ತವ್ಯ. ಆದರೆ ಗೇಜಿನಲ್ಲಿ ಕೊನೆಗೆ ಕಂಡ ಒತ್ತಡ, ನೀರಿನ ಮಟ್ಟ, ಫೀಡ್ ಪಂಪ್ ಓಡುತ್ತಿತ್ತೋ ಇಲ್ಲವೋ, ಅಲಾರಂ ಹೊಡೆಯಿತೋ ಇಲ್ಲವೋ ಎನ್ನುವುದು ಪಾಳಿಯಲ್ಲಿದ್ದವನಿಗೆ ಮಾತ್ರ ಗೊತ್ತು. ಅದನ್ನು ಬೇರೆಯವರ ಜೊತೆ ಮಾತನಾಡುವ ಮುಂಚೆ, ಸಮಯ ಹಾಕಿ, ನಿಮ್ಮ ಕೈಯಿಂದಲೇ ಕನ್ನಡದಲ್ಲಾದರೂ ಸರಿ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡಿ.